ಹಂದಿಗೆ ಜೋಡಿಸುವ ಮೊದಲು, ಜೋಡಿಸಿದ ಮೇಲೆ: ಕಡಿಮೆ ಖರ್ಚಿನ ವೆಂಟಿಲೇಟರಿನ ಸುರಕ್ಷತೆ ಪರೀಕ್ಷಿಸುವ ಬಗೆ

2020ರಲ್ಲಿ ಅಂಬು ಬ್ಯಾಗನ್ನು (ಕೈಯಿಂದ ಒತ್ತಿ ಉಸಿರು ಕೊಡುವ ಚೀಲವನ್ನು) ಮೋಟಾರಿನಿಂದ ಒತ್ತುವ ಯಂತ್ರಗಳು ಎಲ್ಲೆಲ್ಲೂ ಹುಟ್ಟಿಕೊಂಡವು. ಅಮೆರಿಕದ ಎಂಐಟಿ ತಂಡ ತನ್ನ ಇ-ವೆಂಟ್ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟಿತು, ಹಂದಿಗಳ ಮೇಲೆ ಪರೀಕ್ಷಿಸಿಯೂ ನೋಡಿತು. ಇತ್ತ ಪುಣೆಯ ನೊಕ್ಕಾ ರೊಬೊಟಿಕ್ಸ್ ಐಐಟಿ ಕಾನ್ಪುರದ ಬೆಂಬಲದಲ್ಲಿ ತನ್ನದೇ ವೆಂಟಿಲೇಟರ್ ತಂದಿತು. ಮೈಸೂರಿನ ಸ್ಕ್ಯಾನ್‌ರೇ ಜೊತೆಗೂಡಿ ಬಿಇಎಲ್ 30,000 ಯಂತ್ರಗಳ ಕೆಲಸ ಹಿಡಿಯಿತು. ಆ ಅವಸರ ಕಳೆದಿದೆ, ಆದರೆ ಅಗ್ಗದ ವೆಂಟಿಲೇಟರಿನ ಅಗತ್ಯ ಹೋಗಿಲ್ಲ. ಪುಣೆ ಬಳಿಯ ಭೋಸರಿ, ಚಾಕಣದ ವರ್ಕ್‌ಶಾಪುಗಳಲ್ಲೂ ಮುಂಬಯಿಯ ಪವಾಯಿಯ ಲ್ಯಾಬುಗಳಲ್ಲೂ ಈ ಕೆಲಸಕ್ಕೆ ಕೈಹಾಕುವ ಕನ್ನಡದ ಎಂಜಿನಿಯರುಗಳು, ಅವರಿಗೆ ಜೊತೆಯಾಗುವ ಪಶುವೈದ್ಯರು, ಅರಿವಳಿಕೆ ವೈದ್ಯರು ಇದ್ದಾರೆ. ಈ ಬರಹ ಅವರಿಗಾಗಿ.

ಎಲ್ಲಕ್ಕಿಂತ ಮೊದಲು ಒಪ್ಪಿಕೊಳ್ಳಬೇಕಾದ ಮಾತು ಒಂದಿದೆ. ಶ್ವಾಸಕೋಶದ ಬದಲಿಗೆ ಜೋಡಿಸುವ ರಬ್ಬರಿನ ಚೀಲ ಹೇಳಬಲ್ಲ ಸಂಗತಿಯನ್ನು ತಿಳಿಯಲು ಹಂದಿಯನ್ನು ಬಳಸಬಾರದು. ವಾಲ್ವ್ ಸೋರುತ್ತದೆಯೇ, ಅಲಾರಂ ಕೂಗುತ್ತದೆಯೇ, ಮೋಟಾರ್ ಬಿಸಿಯಾಗಿ ನಿಲ್ಲುತ್ತದೆಯೇ ಎಂಬುದೆಲ್ಲ ಮೇಜಿನ ಮೇಲೆಯೇ ತಿಳಿಯುತ್ತದೆ. ಜೀವಂತ ದೇಹ ಮಾತ್ರ ಹೇಳಬಲ್ಲ ಸಂಗತಿಗಳು ಕೆಲವೇ: ಕಾರ್ಬನ್ ಡೈಆಕ್ಸೈಡ್ ನಿಜಕ್ಕೂ ಹೊರಹೋಗುತ್ತಿದೆಯೇ, ಎದೆಯೊಳಗಿನ ಒತ್ತಡಕ್ಕೆ ರಕ್ತದೊತ್ತಡ ಕುಸಿಯುತ್ತಿದೆಯೇ, ಕಫ ಮತ್ತು ತೇವ ಸೇರಿದಾಗ ಸರ್ಕಿಟ್ ಹೇಗೆ ನಡೆದುಕೊಳ್ಳುತ್ತದೆ, ಪ್ರಾಣಿ ತಾನೇ ಉಸಿರೆಳೆದಾಗ ಯಂತ್ರಕ್ಕೆ ಗೊತ್ತಾಗುತ್ತದೆಯೇ, ಗಂಟೆಗಟ್ಟಲೆ ನಡೆದ ಮೇಲೆ ಶ್ವಾಸಕೋಶದ ಅಂಗಾಂಶಕ್ಕೆ ಏನಾಗಿದೆ. ಈ ಐದನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ‘ಎಷ್ಟಾದರೆ ಪಾಸು’ ಎಂಬ ಅಂಕಿ ಹಾಕಿ. ಅಂಕಿ ಹಾಕಲು ಬಾರದ ಪ್ರಶ್ನೆಯನ್ನು ಪ್ರಾಣಿಗೆ ಕೇಳಬೇಡಿ.

ಕಾಗದದ ಕೆಲಸ

ನಮ್ಮ ದೇಶದಲ್ಲಿ ಈ ಪ್ರಯೋಗ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು 1998ರ ಪ್ರಾಣಿ ಪ್ರಯೋಗ ನಿಯಮಗಳ ಅಡಿ ಬರುತ್ತದೆ. ನೋಂದಾಯಿತ ಸಂಸ್ಥೆಯಲ್ಲಿ ಮಾತ್ರ ಮಾಡಬಹುದು. ವರ್ಕ್‌ಶಾಪಿನ ಹಿಂದಿನ ಶೆಡ್ಡಿನಲ್ಲಿ ಮಾಡಿದರೆ ಅದು ಅಪರಾಧ. ಫಾರ್ಮ್ ಬಿ ತುಂಬಿ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಕೊಡಬೇಕು. ಇಲಿ, ಮೊಲದ ಪ್ರಯೋಗಕ್ಕೆ ಆ ಸಮಿತಿಯ ಒಪ್ಪಿಗೆ ಸಾಕು. ಹಂದಿ ದೊಡ್ಡ ಪ್ರಾಣಿಯಾದ್ದರಿಂದ ಸಮಿತಿಯ ಶಿಫಾರಸಿನೊಂದಿಗೆ ಅರ್ಜಿ ದೆಹಲಿಯ ಸಿಸಿಎಸ್‌ಇಎಗೆ, ಅಂದರೆ ಮೊದಲು ಸಿಪಿಸಿಎಸ್‌ಇಎ ಎನ್ನುತ್ತಿದ್ದ ಸಮಿತಿಗೆ, ಹೋಗುತ್ತದೆ. ಇದಕ್ಕೆ ತಿಂಗಳುಗಳು ಬೇಕು. ಅರ್ಜಿ ಹಾಕಿ ಕಾಯುವ ಆ ಸಮಯವೇ ಮೇಜಿನ ಪರೀಕ್ಷೆಗೆ ಸಿಗುವ ಸಮಯ.

ಪ್ರಾಣಿ ಸೌಲಭ್ಯವಿರುವ ಪಶುವೈದ್ಯ ಕಾಲೇಜಿನೊಂದಿಗೆ ಕೂಡಿ ಕೆಲಸ ಮಾಡುವುದೇ ಜಾಣತನ. ಮುಂಬಯಿಯವರಿಗೆ 1886ರಷ್ಟು ಹಳೆಯ ಪರೇಲಿನ ಪಶುವೈದ್ಯ ಕಾಲೇಜು ಇದೆ, ಪುಣೆಯವರಿಗೆ ಸಾತಾರಾ ರಸ್ತೆಯ ಶಿರವಳ ಕಾಲೇಜು ಹತ್ತಿರ. ಯಂತ್ರದ ಕಡೆಯಿಂದ ನೋಡಿದರೆ, 2017ರ ವೈದ್ಯಕೀಯ ಸಾಧನ ನಿಯಮಗಳಲ್ಲಿ ವೆಂಟಿಲೇಟರ್ ‘ಸಿ’ ವರ್ಗದ್ದು. ಪರೀಕ್ಷೆಗೆಂದು ಯಂತ್ರ ತಯಾರಿಸುವುದಕ್ಕೂ ಎಂಡಿ-12 ನಮೂನೆಯಲ್ಲಿ ಅರ್ಜಿ ಹಾಕಿ ಎಂಡಿ-13 ಪರವಾನಗಿ ಪಡೆಯಬೇಕು. ಮುಂದೆ ಮನುಷ್ಯರ ಮೇಲಿನ ಪರೀಕ್ಷೆಗೆ ಎಂಡಿ-22 ಹಾಕುವಾಗ ಈ ಹಂದಿ ಪ್ರಯೋಗದ ವರದಿಯೇ ಆಧಾರವಾಗುತ್ತದೆ. ಆದ್ದರಿಂದ ಯಾವ ಯಂತ್ರ, ಯಾವ ಸರಣಿ ಸಂಖ್ಯೆ, ಸಾಫ್ಟ್‌ವೇರಿನ ಯಾವ ಆವೃತ್ತಿ ಎಂಬುದು ಮೊದಲ ದಿನದಿಂದ ದಾಖಲಾಗಿರಲಿ. ಪ್ರಯೋಗದ ನಡುವೆ ಕೋಡ್ ಬದಲಿಸಿದರೆ ಅಲ್ಲಿಯವರೆಗಿನ ಪ್ರಾಣಿಗಳ ದತ್ತಾಂಶ ಬೇರೆ ಯಂತ್ರದ್ದಾಗಿಬಿಡುತ್ತದೆ.

ರಬ್ಬರಿನ ಮೇಲೆ

ಟೆಸ್ಟ್ ಲಂಗ್ (ಪರೀಕ್ಷೆಗೆಂದೇ ಮಾಡಿದ ಕೃತಕ ಶ್ವಾಸಕೋಶ) ಕೊಳ್ಳಲು ಹಣವಿಲ್ಲದಿದ್ದರೆ ಒಂದು ಉಪಾಯವಿದೆ. ಗಟ್ಟಿ ಪಾತ್ರೆಯೊಳಗಿನ ಗಾಳಿಯೇ ಒಂದು ಶ್ವಾಸಕೋಶ. 20 ಲೀಟರಿನ ಗಟ್ಟಿ ನೀರಿನ ಕ್ಯಾನಿಗೆ ಬಿರಡೆ ಬಿಗಿದು 22 ಮಿ.ಮೀ. ಕೊಳವೆ ಹಾಕಿದರೆ, ಅದರ ಕಂಪ್ಲಯನ್ಸ್ (ಒಂದು ಸೆಂ.ಮೀ. ನೀರಿನ ಒತ್ತಡಕ್ಕೆ ಹಿಡಿಸುವ ಗಾಳಿ) ಮುಂಬಯಿಯಲ್ಲಿ ಸುಮಾರು 19 ಮಿ.ಲೀ., ಪುಣೆಯಲ್ಲಿ ಸುಮಾರು 21. ವ್ಯತ್ಯಾಸ ಏಕೆಂದರೆ ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಅಲ್ಲಿನ ವಾಯುಭಾರ ಕಡಿಮೆ. ಆದರೆ ಬರೀ ಕ್ಯಾನ್ ಇಟ್ಟು ಅಳೆದರೆ 14-15 ಮಾತ್ರ ಬರುತ್ತದೆ. ಗಾಳಿ ಒತ್ತಿದಾಗ ಬಿಸಿಯಾಗಿ ಹಿಗ್ಗಲು ನೋಡುತ್ತದೆ, ಒತ್ತಡ ಏರುತ್ತದೆ. ಪಾತ್ರೆ ತಿಕ್ಕುವ ತಾಮ್ರದ ಜುಂಗನ್ನು ಬಿಡಿಸಿ ಕ್ಯಾನಿನ ತುಂಬ ಸಡಿಲವಾಗಿ ತುಂಬಿ. ಆ ಶಾಖವನ್ನು ಲೋಹ ಹೀರಿಕೊಳ್ಳುತ್ತದೆ, ಅಂಕಿ ಲೆಕ್ಕಕ್ಕೆ ಹತ್ತಿರ ಬರುತ್ತದೆ. ತೆಳು ಪ್ಲಾಸ್ಟಿಕ್ಕಿನ ಕ್ಯಾನ್ ಬೇಡ, ಅದರ ಗೋಡೆಯೇ ಉಬ್ಬುತ್ತದೆ. 50 ಲೀಟರಿನ ಡ್ರಮ್ಮು ಆರೋಗ್ಯವಂತ ಶ್ವಾಸಕೋಶ, 20 ಲೀಟರಿನದು ಕಾಯಿಲೆಯದು, 10 ಲೀಟರಿನದು ಬಲು ಬಿಗಿಯಾದದ್ದು. ವೆಂಟಿಲೇಟರುಗಳಿಗೆಂದೇ ಇರುವ ಐಎಸ್‌ಒ 80601-2-12 ಮಾನದಂಡದಲ್ಲೂ 50, 20, 10ರ ಕಂಪ್ಲಯನ್ಸ್ ಮತ್ತು 5, 20, 50ರ ಪ್ರತಿರೋಧವೇ (ಗಾಳಿಯ ಹರಿವಿಗೆ ಆಗುವ ತಡೆ) ಇದೆ.

ಒತ್ತಡದ ಸೆನ್ಸರನ್ನು ನೀರಿನ ಯು-ಟ್ಯೂಬಿನಿಂದ ಸರಿಹೊಂದಿಸಿ. ಒಂದು ಕೈಯಲ್ಲಿ ನೀರು 10 ಸೆಂ.ಮೀ. ಇಳಿದರೆ ಇನ್ನೊಂದರಲ್ಲಿ 10 ಏರುತ್ತದೆ. ಒತ್ತಡ 20, ಹತ್ತಲ್ಲ. ಈ ಒಂದು ತಪ್ಪಿನಿಂದ ಯಂತ್ರ ತೋರಿಸಿದ್ದರ ಎರಡು ಪಟ್ಟು ಒತ್ತಡ ಕೊಡುತ್ತದೆ. ಅಗ್ಗದ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಎಂಪಿಎಕ್ಸ್5010 ಸೆನ್ಸರಿನ ಎರಡು ಗುಣ ನೆನಪಿಡಿ. ಅದರ ಔಟ್‌ಪುಟ್ 5 ವೋಲ್ಟಿನ ಸಪ್ಲೈಗೆ ತಕ್ಕಂತೆ ಏರಿಳಿಯುತ್ತದೆ. ಮೋಟಾರ್ ಶುರುವಾಗುವ ಗಳಿಗೆಯಲ್ಲಿ ವೋಲ್ಟೇಜ್ ಬಿದ್ದರೆ, ಬೇರೆ ರೆಫರೆನ್ಸಿನಿಂದ ಓದುವ ಬೋರ್ಡಿಗೆ ಒತ್ತಡವೂ ಬಿದ್ದಂತೆ ಕಾಣುತ್ತದೆ. ಇನ್ನೊಂದು, ಅದು ಸೊನ್ನೆಗಿಂತ ಕೆಳಗೆ ಓದುವುದಿಲ್ಲ. ಪೀಪ್ (ಹೊರ ಉಸಿರಿನ ಕೊನೆಗೆ ಉಳಿಸುವ ಒತ್ತಡ) ಸೊನ್ನೆ ಇಟ್ಟರೆ ಪ್ರಾಣಿ ಉಸಿರೆಳೆದದ್ದು ಅದಕ್ಕೆ ತಿಳಿಯುವುದೇ ಇಲ್ಲ.

ಗಾಳಿಯ ಪ್ರಮಾಣ ಅಳೆಯಲು ಸ್ಪೈರೋಮೀಟರಿಗೆ ಬಳಸುವ 3 ಲೀಟರಿನ ಸಿರಿಂಜ್ ಸಾಕು. ಒಣ ಗಾಳಿಯಲ್ಲಿ ಒಮ್ಮೆ, ಶುದ್ಧ ಆಕ್ಸಿಜನ್ನಿನಲ್ಲಿ ಒಮ್ಮೆ, ಹ್ಯೂಮಿಡಿಫೈಯರ್ ಹಾಕಿ ಒಮ್ಮೆ ಅಳೆಯಿರಿ, ಏಕೆಂದರೆ ಸಾಂದ್ರತೆ ಬದಲಾದರೆ ರಂಧ್ರದ ಮಾದರಿಯ ಫ್ಲೋ ಸೆನ್ಸರ್ ಸುಳ್ಳು ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ, ಗೋವಾದ ತೇವಕ್ಕೆ ಸೆನ್ಸರಿನ ಸಣ್ಣ ಕೊಳವೆಯಲ್ಲಿ ನೀರಿನ ಹನಿ ನಿಲ್ಲುತ್ತದೆ. ಒಂದೇ ಹನಿ ಕೊಳವೆಯನ್ನು ಮುಚ್ಚಿ ಪರದೆಯ ಮೇಲಿನ ಒತ್ತಡವನ್ನು ಅಲ್ಲಿಯೇ ನಿಲ್ಲಿಸಿಬಿಡಬಹುದು. ಕೊಳವೆ ಸದಾ ಮೇಲ್ಮುಖವಾಗಿ ಹೋಗಲಿ, ನಡುವೆ ನೀರು ತಡೆಯುವ ಫಿಲ್ಟರ್ ಇರಲಿ, ಬೋರ್ಡಿಗೆ ತೇವ ತಡೆಯುವ ಲೇಪ ಹಚ್ಚಿ.

ಅಂಬು ಬ್ಯಾಗ್ ಯಂತ್ರಗಳಲ್ಲಿ ತಪ್ಪದೆ ನೋಡಬೇಕಾದದ್ದು ವಾಲ್ವಿನ ಜಾಗ. ಬ್ಯಾಗಿನ ವಾಲ್ವನ್ನು ಬ್ಯಾಗಿನ ಬಾಯಲ್ಲೇ ಬಿಟ್ಟು, ಅಲ್ಲಿಂದ ರೋಗಿಯವರೆಗೆ ಒಂದೂವರೆ ಮೀಟರ್ ಕೊಳವೆ ಎಳೆಯುವವರಿದ್ದಾರೆ. 22 ಮಿ.ಮೀ. ಒಳ ಅಗಲದ ಆ ಕೊಳವೆಯೊಳಗೆ ಸುಮಾರು 570 ಮಿ.ಲೀ. ಗಾಳಿ ಹಿಡಿಸುತ್ತದೆ. 40 ಕೆ.ಜಿ. ಹಂದಿಗೆ ಕೊಡುವ ಉಸಿರು 320 ಮಿ.ಲೀ. ಹೊರಬಿಟ್ಟ ಗಾಳಿಯೇ ಕೊಳವೆಯಲ್ಲಿ ಹಿಂದೆ ಮುಂದೆ ಓಡಾಡುತ್ತದೆ, ಹೊಸ ಗಾಳಿ ಶ್ವಾಸಕೋಶಕ್ಕೆ ತಲುಪುವುದೇ ಇಲ್ಲ. ಎದೆ ಏಳುತ್ತದೆ, ಒತ್ತಡ ಸರಿ ಇರುತ್ತದೆ, ಪರದೆಯ ಅಂಕಿಗಳೆಲ್ಲ ಚೆನ್ನಾಗಿರುತ್ತವೆ, ಪ್ರಾಣಿ ಮಾತ್ರ ಕಾರ್ಬನ್ ಡೈಆಕ್ಸೈಡಿನಲ್ಲಿ ಮುಳುಗುತ್ತಿರುತ್ತದೆ. ವಾಲ್ವ್ ರೋಗಿಯ ಬಾಯಿಯ ಹತ್ತಿರವೇ ಇರಬೇಕು. ಬಾಯಿಯ ಬಳಿ ಹಾಕುವ ತೇವದ ಫಿಲ್ಟರ್ ಕೂಡ ಸಣ್ಣ ಗಾತ್ರದ್ದೇ ಇರಲಿ. ದೊಡ್ಡದು 80-90 ಮಿ.ಲೀ. ತಿಂದುಬಿಡುತ್ತದೆ.

ಕೈಯಿಂದ ಕೆಲವು ಹೊತ್ತು ಒತ್ತಲೆಂದು ಮಾಡಿದ ಬ್ಯಾಗನ್ನು ನಿಮಿಷಕ್ಕೆ 20ರಂತೆ ಒತ್ತಿದರೆ ದಿನಕ್ಕೆ 28,800 ಸಲ, 14 ದಿನಕ್ಕೆ 4 ಲಕ್ಷ ಸಲ ಆಗುತ್ತದೆ. ಕಡೇಪಕ್ಷ ಮೂರು ಬ್ಯಾಗುಗಳ ಮೇಲೆ ಅಷ್ಟನ್ನೂ ನಡೆಸಿ, ಪ್ರತಿದಿನ ಉಸಿರಿನ ಪ್ರಮಾಣ ಅಳೆಯಿರಿ. ಬ್ಯಾಗ್ ಹರಿಯುವುದಕ್ಕಿಂತ ಮೊದಲು ಒತ್ತುವ ತೋಳಿನ ತುದಿ ಸವೆದು ಪ್ರಮಾಣ ನಿಧಾನವಾಗಿ ಇಳಿಯುವುದೇ ಹೆಚ್ಚು. ಅದು ಯಾರ ಕಣ್ಣಿಗೂ ಬೀಳದೆ ಇಳಿಯುತ್ತದೆ.

ಇನ್ನು ದೋಷಗಳನ್ನು ಬೇಕೆಂದೇ ತಂದಿಡಿ. ಹೊರ ಉಸಿರಿನ ದಾರಿ ಮುಚ್ಚಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ: ಕಂಪ್ಲಯನ್ಸ್ 30 ಇದ್ದಾಗ 320 ಮಿ.ಲೀ.ನ ಪ್ರತಿ ಉಸಿರೂ ಹತ್ತಕ್ಕೂ ಹೆಚ್ಚು ಸೆಂ.ಮೀ. ಒತ್ತಡ ಸೇರಿಸುತ್ತದೆ. ಪೀಪ್ 5ರಿಂದ ಶುರುವಾದರೆ ನಾಲ್ಕನೇ ಉಸಿರಿಗೆ 47 ದಾಟುತ್ತದೆ, ಅಂದರೆ ಹನ್ನೆರಡು ಸೆಕೆಂಡಿನೊಳಗೆ. ಅಷ್ಟರಲ್ಲಿ ಮನುಷ್ಯ ಓಡಿಬರಲಾರ. ಆದ್ದರಿಂದ ಸಾಫ್ಟ್‌ವೇರನ್ನು ನಂಬದ, ಸ್ಪ್ರಿಂಗಿನಿಂದಲೇ ತೆರೆಯುವ ರಿಲೀಫ್ ವಾಲ್ವ್ 40 ಸೆಂ.ಮೀ.ಗೆ ಇರಲೇಬೇಕು. ಅದನ್ನು ನೂರು ಸಲ ತೆರೆಸಿ ನೋಡಿ, ಅಂಟಿಕೊಳ್ಳುತ್ತದೆಯೇ ಎಂದು ಒದ್ದೆ ಮಾಡಿಯೂ ನೋಡಿ. ಈ ಪರೀಕ್ಷೆ ಹಂದಿಯ ಮೇಲೆ ಎಂದೂ ಬೇಡ, ರಬ್ಬರ್ ಎಲ್ಲವನ್ನೂ ಹೇಳುತ್ತದೆ.

ಉಳಿದ ದೋಷಗಳನ್ನು ಒಂದೊಂದಾಗಿ ಮುಗಿಸಿ:

1. ನಡು ಉಸಿರಿನಲ್ಲಿ ಪ್ಲಗ್ ಕೀಳಿ. ಬ್ಯಾಟರಿಗೆ ಬದಲಾಗುವಾಗ ಒಂದು ಉಸಿರೂ ತಪ್ಪಬಾರದು.
2. ಅಗ್ಗದ ಇನ್ವರ್ಟರಿನ ಮೇಲೆ ಒಂದು ಗಂಟೆ ನಡೆಸಿ. ಅದರ ಚೌಕಾಕಾರದ ಅಲೆಗೆ ಕೆಲವು ಪವರ್ ಸಪ್ಲೈಗಳು ಕಂಗೆಡುತ್ತವೆ.
3. ಕಂಟ್ರೋಲರಿನ ರೀಸೆಟ್ ಒತ್ತಿ. ಎದ್ದ ಮೇಲೆ ಹಳೆಯ ಸೆಟ್ಟಿಂಗಿನಲ್ಲೇ ಏಳಬೇಕು, ಕಾರ್ಖಾನೆ ಸೆಟ್ಟಿಂಗಿನಲ್ಲಲ್ಲ.
4. ಲಿಮಿಟ್ ಸ್ವಿಚ್ಚಿನ ತಂತಿ ಕಿತ್ತುಬಿಡಿ. ತೋಳು ಬ್ಯಾಗನ್ನು ಹಿಸುಕಿಕೊಂಡೇ ನಿಂತರೆ ವಿನ್ಯಾಸ ಬದಲಾಗಬೇಕು.
5. ಉಪ್ಪುನೀರಲ್ಲಿ ನೆನೆಸಿದ ಮಾಂಸದ ತುಂಡಿಗೆ ಶಸ್ತ್ರಚಿಕಿತ್ಸೆಯ ಕಾಟರಿ (ವಿದ್ಯುತ್ತಿನಿಂದ ಕೊಯ್ದು ರಕ್ತ ನಿಲ್ಲಿಸುವ ಸಾಧನ) ಹಿಡಿದು, ಯಂತ್ರವನ್ನು ಒಂದು ಮೀಟರ್ ದೂರದಲ್ಲಿಡಿ. ಹವ್ಯಾಸಿ ಬೋರ್ಡುಗಳು ಇಲ್ಲಿಯೇ ರೀಸೆಟ್ ಆಗುವುದು. ಹಂದಿಯ ರಕ್ತನಾಳ ಬಿಡಿಸುವಾಗ ಕಾಟರಿ ಬಳಸಿಯೇ ಬಳಸುತ್ತಾರೆ.

ಬ್ರಶ್ ಇರುವ ಮೋಟಾರಿನ ಕಿಡಿ, ಸೋರಿದ ಆಕ್ಸಿಜನ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಕೂಡಬಾರದು. ವೈಪರ್ ಮೋಟಾರ್ ಹಾಕಿದವರು ಗಾಳಿಯ ದಾರಿಯನ್ನು ಬೇರೆ ಕೋಣೆಗೇ ತೆಗೆದಿಡಬೇಕು, ಆಕ್ಸಿಜನ್ ತಾಗುವಲ್ಲಿ ಗ್ರೀಸು, ಎಣ್ಣೆ ಸೋಕಿಸಬಾರದು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಪುಣೆಯ ಬುಧವಾರ ಪೇಟೆಯಲ್ಲೋ ಬಿಡಿಭಾಗ ಕೊಂಡರೆ ಒಂದೇ ಲಾಟಿನಿಂದ ಪರೀಕ್ಷೆಗೂ ಬದಲಿಗೂ ಆಗುವಷ್ಟು ಕೊಳ್ಳಿ, ಬಿಲ್ಲು ಇಟ್ಟುಕೊಳ್ಳಿ. ತ್ರೀಡಿ ಪ್ರಿಂಟಿನ ಪಿಎಲ್‌ಎ ಭಾಗಗಳು 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತವೆ, ಪದರಗಳ ನಡುವೆ ಸೋರುತ್ತವೆ. ಉಸಿರಿನ ದಾರಿಯಲ್ಲಿ ಅವು ಬೇಡ. ಆ ದಾರಿಯ ವಸ್ತುಗಳಿಂದ ಆವಿ, ಕಣ ಹೊರಬರುತ್ತವೆಯೇ ಎಂಬುದಕ್ಕೆ ಐಎಸ್‌ಒ 18562 ಇದೆ, ಆ ಪರೀಕ್ಷೆಗೂ ಪ್ರಾಣಿ ಬೇಕಿಲ್ಲ.

ಹಂದಿ ಮತ್ತು ಅರಿವಳಿಕೆ

35-40 ಕೆ.ಜಿ. ತೂಕದ ಲಾರ್ಜ್ ವೈಟ್ ಯಾರ್ಕ್‌ಶೈರ್ ಹಂದಿ ಈ ಕೆಲಸಕ್ಕೆ ಹೊಂದುತ್ತದೆ. ದೊಡ್ಡವರ ಕೊಳವೆ, ದೊಡ್ಡವರ ಸರ್ಕಿಟ್ಟೇ ಅದಕ್ಕೆ ಆಗುತ್ತದೆ. ಗೋವಾದ ಅಗೊಂದಾ ಗೋವನ್ ತಳಿ ಬೇರೆ ಮೈಕಟ್ಟಿನದು, ಎರಡು ತಳಿ ಬೆರೆಸಿ ಒಂದೇ ಲೆಕ್ಕಕ್ಕೆ ಹಾಕಬೇಡಿ. ತಂದ ಮೇಲೆ ಒಂದು ವಾರ ಜಾಗಕ್ಕೆ ಹೊಂದಿಕೊಳ್ಳಲು ಬಿಡಿ, ಕೆಮ್ಮು, ಜ್ವರ ಇರುವ ಪ್ರಾಣಿ ಬೇಡ. ಬೇಸಿಗೆಯಲ್ಲಿ ಸಾಗಿಸುವುದಾದರೆ ನಸುಕಿನಲ್ಲೇ. ಹಂದಿ ಬೆವರಿ ತಂಪಾಗುವ ಪ್ರಾಣಿಯಲ್ಲ. ಪ್ರಯೋಗದ ಹಿಂದಿನ ರಾತ್ರಿ ಮೇವು ಬೇಡ, ನೀರು ಇರಲಿ.

ಅರಿವಳಿಕೆಯ ಹೊಣೆ ಪಶುವೈದ್ಯರದ್ದು, ಪ್ರಮಾಣದ ಕೊನೆಯ ಮಾತೂ ಅವರದ್ದೇ. ಸಾಮಾನ್ಯವಾಗಿ ಕುತ್ತಿಗೆಯ ಸ್ನಾಯುವಿಗೆ ಕೆ.ಜಿ.ಗೆ 15-20 ಮಿ.ಗ್ರಾಂ. ಕೆಟಮಿನ್, 2 ಮಿ.ಗ್ರಾಂ. ಜೈಲಜೀನ್ ಕೊಡುತ್ತಾರೆ. ಸೂಜಿ ಉದ್ದವಿರಬೇಕು, ಚಿಕ್ಕದಾದರೆ ಔಷಧಿ ಕೊಬ್ಬಿನಲ್ಲೇ ಉಳಿಯುತ್ತದೆ. ಜೊಲ್ಲು ಕಡಿಮೆ ಮಾಡಲು ಅಟ್ರೋಪಿನ್. ಕಿವಿಯ ರಕ್ತನಾಳಕ್ಕೆ ಕ್ಯಾನ್ಯುಲಾ ಹಾಕಿ, ಮುಂದಕ್ಕೆ ಪ್ರೊಪೊಫಾಲ್ ಗಂಟೆಗೆ ಕೆ.ಜಿ.ಗೆ 6-12 ಮಿ.ಗ್ರಾಂ., ಜೊತೆಗೆ ನೋವು ತಡೆಯುವ ಫೆಂಟನಿಲ್. ಉಸಿರಿನ ಜೊತೆ ಆವಿಯಾಗಿ ಕೊಡುವ ಅರಿವಳಿಕೆ ಐಸೋಫ್ಲುರೇನ್ ಬೇಡ ಎನ್ನಲು ಎರಡು ಕಾರಣ. ನಿಮ್ಮ ಯಂತ್ರದಲ್ಲಿ ಅದರ ವೇಪರೈಸರಿಗೆ ಜಾಗವಿಲ್ಲ, ಯಂತ್ರ ಬದಲಿಸಿದಾಗ ಅರಿವಳಿಕೆಯೂ ಬದಲಾಗಿಬಿಡುತ್ತದೆ. ಎರಡನೆಯದು, ಕೆಲವು ಹಂದಿಗಳಲ್ಲಿ ಅದರಿಂದ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಬರುತ್ತದೆ: ಮೈ ಸೆಟೆದು ಕಾರ್ಬನ್ ಡೈಆಕ್ಸೈಡ್ ದಿಢೀರನೆ ಏರುತ್ತದೆ, ಜ್ವರ ಆಮೇಲೆ ಬರುತ್ತದೆ. ಅದನ್ನು ಯಂತ್ರದ ದೋಷವೆಂದು ತಿಳಿದು ವಾರಗಟ್ಟಲೆ ವಾಲ್ವ್ ಹುಡುಕುವಂತಾಗುತ್ತದೆ.

ಸ್ನಾಯು ಸಡಿಲಿಸುವ ಔಷಧಿಯನ್ನು, ಅದಿಲ್ಲದೆಯೇ ಅರಿವಳಿಕೆ ಸಾಕಷ್ಟು ಆಳವಿದೆ ಎಂದು ಗೊರಸಿನ ನಡುವೆ ಚಿವುಟಿ ಖಚಿತಪಡಿಸಿಕೊಂಡ ಮೇಲಷ್ಟೇ ಕೊಡಬೇಕು. ಅಲುಗಾಡದ ಪ್ರಾಣಿಗೆ ನೋವಿಲ್ಲವೆಂದು ಅರ್ಥವಲ್ಲ. ಔಷಧಿ ಕೊಟ್ಟ ಮೇಲೆ ಎದೆಬಡಿತ, ರಕ್ತದೊತ್ತಡ ಕಾರಣವಿಲ್ಲದೆ ಏರಿದರೆ ಮೊದಲು ಅರಿವಳಿಕೆ ಹೆಚ್ಚಿಸಿ, ಆಮೇಲೆ ಕಾರಣ ಹುಡುಕಿ.

ಕೊಳವೆ ಹಾಕಲು ಹಂದಿಯನ್ನು ಬೋರಲು ಮಲಗಿಸಿ, ಉದ್ದನೆಯ ನೇರ ಬ್ಲೇಡ್ ಬಳಸಿ. ಗಂಟಲಿನ ಮೇಲೆ 2 ಶೇಕಡಾ ಲಿಗ್ನೋಕೇನ್ ಸಿಂಪಡಿಸಿ ಅರ್ಧ ನಿಮಿಷ ಕಾಯಿರಿ, ಇಲ್ಲವಾದರೆ ಧ್ವನಿಪೆಟ್ಟಿಗೆ ಬಿಗಿದುಕೊಳ್ಳುತ್ತದೆ. 7ರಿಂದ 7.5 ಮಿ.ಮೀ. ಅಳತೆಯ, ಕಫ್ (ಗಾಳಿ ತುಂಬಿ ಶ್ವಾಸನಾಳಕ್ಕೆ ಬಿಗಿಯಾಗಿಸುವ ಪಟ್ಟಿ) ಇರುವ ಕೊಳವೆ, ಕಫ್ ಒತ್ತಡ 20-30 ಸೆಂ.ಮೀ. ಹಂದಿಯಲ್ಲಿ ಬಲ ಶ್ವಾಸಕೋಶದ ಮೇಲಿನ ಹಾಲೆಗೆ ಹೋಗುವ ಕವಲು ಶ್ವಾಸನಾಳ ಇಬ್ಭಾಗವಾಗುವುದಕ್ಕಿಂತ ಮೊದಲೇ ಒಡೆಯುತ್ತದೆ. ಕೊಳವೆ ಎರಡು ಬೆರಳು ಹೆಚ್ಚು ಒಳಹೋದರೆ ಆ ಹಾಲೆ ಗಾಳಿಯಿಲ್ಲದೆ ಕುಸಿಯುತ್ತದೆ, ಆಕ್ಸಿಜನ್ ಇಳಿಯುತ್ತದೆ, ಬೈಗುಳ ಮಾತ್ರ ಯಂತ್ರಕ್ಕೆ.

ಪರೀಕ್ಷೆಯ ದಿನ

ಒಬ್ಬರು ಪ್ರಾಣಿಯನ್ನು ಮಾತ್ರ ನೋಡಬೇಕು, ಒಬ್ಬರು ಯಂತ್ರವನ್ನು, ಇನ್ನೊಬ್ಬರು ಬರೆಯಬೇಕು. ಪ್ರಾಣಿ ನೋಡುವವರು ‘ಸಾಕು’ ಎಂದರೆ ಚರ್ಚೆಯಿಲ್ಲದೆ ಹಳೆಯ, ಅಂದರೆ ಆಸ್ಪತ್ರೆ ದರ್ಜೆಯ, ವೆಂಟಿಲೇಟರಿಗೆ ಮರಳಬೇಕು. ಮಾತು ಕೂಡ ಮೊದಲೇ ಗೊತ್ತುಮಾಡಿಕೊಳ್ಳಿ. ಬೆಳಗಾವಿ, ವಿಜಯಪುರದ ಕಡೆಯವರು ಅಭ್ಯಾಸಬಲದಿಂದ ‘ಬಂದ್ ಮಾಡ್ರಿ’ ಎನ್ನುತ್ತಾರೆ. ಯಂತ್ರವನ್ನೋ, ಆಕ್ಸಿಜನ್ನನ್ನೋ, ಕ್ಲಾಂಪನ್ನೋ? ‘ಕ್ಲಾಂಪ್ ಹಾಕಿದೆ’, ‘ಕ್ಲಾಂಪ್ ತೆಗೆದೆ’, ‘ಹಳೇ ಯಂತ್ರ’ ಎಂಬಂಥ ನಾಲ್ಕೈದು ಮಾತು ಸಾಕು, ಹೇಳಿದ್ದನ್ನು ಕೇಳಿದವರು ತಿರುಗಿ ಹೇಳಲಿ. ಪ್ರಾಣಿಶಾಲೆಯಲ್ಲಿ ದುಡಿಯುವವರು ಮರಾಠಿ ಇಲ್ಲವೇ ಕೊಂಕಣಿಯವರಾದರೆ ಗೋಡೆಯ ಸೂಚನೆ ಹಾಳೆ ಅವರ ಭಾಷೆಯಲ್ಲೇ ಇರಲಿ.

ಅಳತೆಗೆ ಬೇಕಾದದ್ದು: ಇಸಿಜಿ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ನಿನ ಶೇಕಡಾವಾರು), ಕ್ಯಾಪ್ನೋಗ್ರಾಫ್ (ಉಸಿರಿನ ಕಾರ್ಬನ್ ಡೈಆಕ್ಸೈಡ್ ಗೆರೆಯಾಗಿ ತೋರಿಸುವ ಸಾಧನ), ಧಮನಿಯೊಳಗಿನ ರಕ್ತದೊತ್ತಡ, ಗುದದ ಉಷ್ಣತೆ, ಎಬಿಜಿ (ಧಮನಿಯ ರಕ್ತದ ಅನಿಲಗಳನ್ನು ಅಳೆಯುವ) ಯಂತ್ರ. ಕೊಳವೆಯ ಬಾಯಲ್ಲಿ ಬೇರೆಯದೇ ಫ್ಲೋ ಮತ್ತು ಒತ್ತಡದ ಸೆನ್ಸರ್ ಹಾಕಿ ಸೆಕೆಂಡಿಗೆ 100 ಸಲ ದಾಖಲಿಸಿ. ಪರೀಕ್ಷೆಗೆ ಕೂತ ಯಂತ್ರ ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದುವಂತಾಗಬಾರದು. ಆಕ್ಸಿಜನ್ನಿನ ಲೆಕ್ಕ: ನಿಮಿಷಕ್ಕೆ 10 ಲೀಟರಿನಂತೆ 24 ಗಂಟೆಗೆ 14,400 ಲೀಟರ್, ಅಂದರೆ 7,000 ಲೀಟರಿನ ಎರಡು ಜಂಬೋ ಸಿಲಿಂಡರ್ ಮುಗಿದು ಮೂರನೆಯದಕ್ಕೆ ಕೈ ಹಾಕಬೇಕಾಗುತ್ತದೆ. ನಾಲ್ಕು ತರಿಸಿ.

ಮೊದಲು ಆಸ್ಪತ್ರೆ ದರ್ಜೆಯ ವೆಂಟಿಲೇಟರಿನಲ್ಲಿ ಅರ್ಧ ಗಂಟೆ: ಕೆ.ಜಿ.ಗೆ 8 ಮಿ.ಲೀ., ನಿಮಿಷಕ್ಕೆ 20 ಉಸಿರು, ಪೀಪ್ 5, ಆಕ್ಸಿಜನ್ 40 ಶೇಕಡಾ. ಹದಿನೈದು ನಿಮಿಷದ ಅಂತರದ ಎರಡು ಎಬಿಜಿ ಒಂದಕ್ಕೊಂದು ಹೊಂದಿದರೆ ಪ್ರಾಣಿ ಸ್ಥಿರವಾಗಿದೆ ಎಂದರ್ಥ. ಅಲ್ಲಿಯವರೆಗೆ ನಿಮ್ಮ ಯಂತ್ರ ಮುಟ್ಟಬೇಡಿ. ಆಮೇಲೆ ಅದೇ ಸೆಟ್ಟಿಂಗಿನಲ್ಲಿ ಒಂದು ಯಂತ್ರದಲ್ಲಿ ಒಂದು ಗಂಟೆ, ಇನ್ನೊಂದರಲ್ಲಿ ಒಂದು ಗಂಟೆ, 10, 30, 60ನೇ ನಿಮಿಷಕ್ಕೆ ರಕ್ತ. ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಪ್ರತಿ ಪ್ರಾಣಿಯೂ ತನಗೆ ತಾನೇ ಹೋಲಿಕೆಯಾಗುವುದರಿಂದ ಕಡಿಮೆ ಪ್ರಾಣಿಗಳಲ್ಲಿ ಉತ್ತರ ಸಿಗುತ್ತದೆ. ಬದಲಿಸುವಾಗ ಉಸಿರೆಳೆತದ ಕೊನೆಗೆ ಕೊಳವೆಗೆ ಕ್ಲಾಂಪ್ ಹಾಕಿ, ಜೋಡಿಸಿ, ತಕ್ಷಣ ತೆಗೆಯಿರಿ. ಇಲ್ಲವಾದರೆ ಶ್ವಾಸಕೋಶ ಕುಸಿದು ಎರಡನೇ ಯಂತ್ರದ ಅಂಕಿ ಸುಮ್ಮಸುಮ್ಮನೆ ಕೆಟ್ಟದಾಗಿ ಬರುತ್ತದೆ.

ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿಯದಿರಲಿ. ಪುಣೆಯವರು ಇನ್ನೊಂದು ನೆನಪಿಡಬೇಕು: ಅಲ್ಲಿ ಮಾಮೂಲಿ ಗಾಳಿಯಲ್ಲಿ ಉಸಿರಿನೊಳಗಿನ ಆಕ್ಸಿಜನ್ ಒತ್ತಡ ಸುಮಾರು 140 ಮಿ.ಮೀ. ಪಾದರಸ, ಮುಂಬಯಿ, ಗೋವಾದಲ್ಲಿ 150. ಎರಡು ಊರಿನ ಅಂಕಿ ಹೋಲಿಸುವಾಗ ವಾಯುಭಾರವನ್ನೂ ಬರೆದಿಟ್ಟಿರಬೇಕು.

ಉಸಿರಿನ ವೇಗವನ್ನು 20ರಿಂದ 15ಕ್ಕೆ ಇಳಿಸಿ ಇಪ್ಪತ್ತು ನಿಮಿಷ ಬಿಡಿ. ರಕ್ತದ ಕಾರ್ಬನ್ ಡೈಆಕ್ಸೈಡ್ 40 ಇದ್ದದ್ದು 53ರ ಸುತ್ತ ನಿಲ್ಲಬೇಕು. ಅದಕ್ಕಿಂತ ಬಹಳ ಹೆಚ್ಚಾದರೆ ಪ್ರಮಾಣ ಇಳಿದಿದೆ ಅಥವಾ ಹಳೆಯ ಗಾಳಿ ಮರಳುತ್ತಿದೆ. ಆಮೇಲೆ ಪೀಪ್ 5, 10, 15, ಪ್ರತಿ ಹೆಜ್ಜೆಗೂ ರಕ್ತದೊತ್ತಡ ನೋಡಿ. ಸಡಿಲಿಕೆಯ ಔಷಧಿ ಇಳಿದ ಮೇಲೆ ಪ್ರಾಣಿ ತಾನೇ ಉಸಿರೆಳೆಯುವುದನ್ನು ಯಂತ್ರ ಎಷ್ಟು ಸಲ ಹಿಡಿಯಿತು, ಎಷ್ಟು ಸಲ ಬಿಟ್ಟಿತು, ಎಷ್ಟು ಸಲ ಎದೆಬಡಿತವನ್ನೋ ಕೊಳವೆಯ ನೀರಿನ ಅಲುಗಾಟವನ್ನೋ ಉಸಿರೆಂದು ಭ್ರಮಿಸಿತು ಎಂದು ಎಣಿಸಿ.

ಕಾಯಿಲೆಯ ಶ್ವಾಸಕೋಶದ ಪರೀಕ್ಷೆ ಬೇಕೇ ಬೇಕು. ಆರೋಗ್ಯವಂತ ಶ್ವಾಸಕೋಶ ಕೆಟ್ಟ ಯಂತ್ರವನ್ನೂ ಸಹಿಸಿಕೊಳ್ಳುತ್ತದೆ. ಆ ಸ್ಥಿತಿ ತರಲು 100 ಶೇಕಡಾ ಆಕ್ಸಿಜನ್ ಕೊಟ್ಟು, ಮೈಬಿಸಿಯ ಸಲೈನನ್ನು ಕೆ.ಜಿ.ಗೆ 30 ಮಿ.ಲೀ.ನಂತೆ (40 ಕೆ.ಜಿ.ಗೆ 1,200 ಮಿ.ಲೀ.) ಕೊಳವೆಯಿಂದ ಇಳಿಬಿಟ್ಟು, ಬಾಟಲಿ ಕೆಳಗಿಟ್ಟು ವಾಪಸು ಬಸಿಯುತ್ತಾರೆ. ಧಮನಿಯ ಆಕ್ಸಿಜನ್ ಒತ್ತಡ 100 ಮಿ.ಮೀ.ಗಿಂತ ಕೆಳಗೆ ನಿಲ್ಲುವವರೆಗೆ ಪುನರಾವರ್ತನೆ. ಇಲ್ಲಿ ಕೆ.ಜಿ.ಗೆ 6 ಮಿ.ಲೀ., ಪ್ಲೇಟೋ ಒತ್ತಡ (ಉಸಿರೆಳೆತದ ಕೊನೆಗೆ ಗಾಳಿಯ ಹರಿವು ನಿಂತಾಗಿನ ಒತ್ತಡ) 30ರ ಒಳಗೆ. 2000ದಲ್ಲಿ ಪ್ರಕಟವಾದ ಆರ್ಡ್ಸ್‌ನೆಟ್ ಅಧ್ಯಯನದಲ್ಲಿ, ತೀವ್ರ ಶ್ವಾಸಕೋಶದ ಕಾಯಿಲೆಯ ರೋಗಿಗಳಲ್ಲಿ, ಕೆ.ಜಿ.ಗೆ 12 ಮಿ.ಲೀ. ಪಡೆದವರಲ್ಲಿ 39.8 ಶೇಕಡಾ ಜನ ಸತ್ತರೆ, 6 ಮಿ.ಲೀ. ಪಡೆದವರಲ್ಲಿ 31 ಶೇಕಡಾ. 240 ಮಿ.ಲೀ. ಕೇಳಿದಾಗ 300 ಕೊಡುವ ಯಂತ್ರದ ಬೆಲೆ ಎಷ್ಟೆಂದು ಆ ಅಂಕಿಗಳೇ ಹೇಳುತ್ತವೆ. ಸರ್ಕಿಟ್ಟಿನ ಕೊಳವೆ ತಾನೂ ಹಿಗ್ಗಿ ಸೆಂ.ಮೀ.ಗೆ 2 ಮಿ.ಲೀ. ನುಂಗಿದರೆ 25ರ ಒತ್ತಡಕ್ಕೆ 50 ಮಿ.ಲೀ. ಹೋಯಿತು. ಯಂತ್ರ ಅದನ್ನು ಲೆಕ್ಕಕ್ಕೆ ಹಿಡಿದಿದೆಯೇ ಎಂಬುದು ಈ ಬಿಗಿ ಶ್ವಾಸಕೋಶದಲ್ಲೇ ಗೊತ್ತಾಗುವುದು.

ಕೊನೆಗೆ 6ರಿಂದ 24 ಗಂಟೆಯ ಓಟ, ಪ್ರತಿ ಗಂಟೆಗೂ ಎಬಿಜಿ. ಗಂಟೆಗೆ ಕೆ.ಜಿ.ಗೆ 5-10 ಮಿ.ಲೀ. ರಿಂಗರ್ ಲ್ಯಾಕ್ಟೇಟ್, ಮೈಬಿಸಿ 38-39.5ರಲ್ಲಿರಲು ಹೊದಿಕೆ.

ಏನಾದರೂ ಇಳಿದಾಗ

ನಿಲ್ಲಿಸುವ ಗೆರೆಗಳು ಮೊದಲೇ ಬರೆದಿರಲಿ: ಸ್ಯಾಚುರೇಷನ್ ಎರಡು ನಿಮಿಷ 85ರ ಕೆಳಗೆ, ಸರಾಸರಿ ರಕ್ತದೊತ್ತಡ 55ರ ಕೆಳಗೆ, ರಕ್ತದ ಪಿಎಚ್ 7.15ರ ಕೆಳಗೆ, ಉಸಿರಿನ ದಾರಿಯ ಗರಿಷ್ಠ ಒತ್ತಡ 45ರ ಮೇಲೆ. ಸಲೈನಿನ ಹಂತಕ್ಕೆ ಸ್ಯಾಚುರೇಷನ್ ಗೆರೆಯನ್ನು ಅರ್ಜಿಯಲ್ಲೇ ಬೇರೆಯಾಗಿ ನಮೂದಿಸಿ.

ರಕ್ತದೊತ್ತಡ ಕುಸಿದರೆ ಐದು ಸೆಕೆಂಡು ಕೊಳವೆ ಬಿಚ್ಚಿ ನೋಡಿ. ತಟ್ಟನೆ ಏರಿದರೆ ಎದೆಯೊಳಗೆ ಗಾಳಿ ಸಿಕ್ಕಿಕೊಂಡಿದೆ: ಹೊರ ಉಸಿರಿಗೆ ಸಮಯ ಸಾಲದಾಗಿದೆ, ಇಲ್ಲವೇ ಒದ್ದೆಯಾದ ಪೀಪ್ ವಾಲ್ವ್ ಅಂಟಿದೆ. ಏರದಿದ್ದರೆ ಹಳೆಯ ವೆಂಟಿಲೇಟರಿಗೆ ಐದು ನಿಮಿಷ ಹಾಕಿ. ಅಲ್ಲಿಯೂ ಹಾಗೆಯೇ ಇದ್ದರೆ ಪ್ರೊಪೊಫಾಲ್ ಹೆಚ್ಚಾಗಿರಬಹುದು, ದ್ರವ ಸಾಲದಿರಬಹುದು. ಅಲ್ಲಿ ಸುಧಾರಿಸಿದರೆ ದೋಷ ನಿಮ್ಮದೇ. ಆಕ್ಸಿಜನ್ ಇಳಿದರೆ ಹುಡುಕುವ ಕ್ರಮ: ಕೊಳವೆಯ ಆಳ, ಕಫ, ಸಿಲಿಂಡರ್, ಆಮೇಲೆ ಯಂತ್ರ. ಕ್ಯಾಪ್ನೋಗ್ರಾಫಿನ ಗೆರೆ ಉಸಿರೆಳೆತದಲ್ಲಿ ಸೊನ್ನೆಗೆ ಇಳಿಯದಿದ್ದರೆ ವಾಲ್ವ್ ಸೋರುತ್ತಿದೆ. ಕಾರ್ಬನ್ ಡೈಆಕ್ಸೈಡ್ ಅಂಕಿ ಚೆನ್ನಾಗಿದ್ದರೂ ಆ ಗೆರೆಯನ್ನು ಬಿಡಬೇಡಿ.

ಶ್ವಾಸಕೋಶ ಹೊರತೆಗೆದು

ಅರಿವಳಿಕೆಯ ಆಳದಲ್ಲೇ, ಪ್ರಾಣಿ ಎಚ್ಚರಗೊಳ್ಳದಂತೆ, ಪಶುವೈದ್ಯರು ಹೆಚ್ಚಿನ ಪ್ರಮಾಣದ ಪೆಂಟೊಬಾರ್ಬಿಟಾಲಿನಿಂದ ದಯಾಮರಣ ಕೊಡುತ್ತಾರೆ. ಒಂದು ಶ್ವಾಸಕೋಶವನ್ನು 10 ಶೇಕಡಾ ಫಾರ್ಮಾಲಿನ್ನಿನಿಂದ 20-25 ಸೆಂ.ಮೀ. ಎತ್ತರದಿಂದ ತುಂಬಿ ಗಟ್ಟಿಮಾಡಿ. ಇನ್ನೊಂದರ ತುಂಡುಗಳನ್ನು ತೂಗಿ, ಒಣಗಿಸಿ, ಮತ್ತೆ ತೂಗಿದರೆ ಎಷ್ಟು ನೀರು ಸೇರಿದೆಯೆಂದು ತಿಳಿಯುತ್ತದೆ. ಮೇಲಿನ, ನಡುವಿನ, ಬೆನ್ನಿನ ಕಡೆಯ ಭಾಗಗಳಿಂದ, ಪ್ರತಿ ಪ್ರಾಣಿಯಲ್ಲೂ ಅದೇ ಜಾಗಗಳಿಂದ, ಮಾದರಿ ತೆಗೆಯಿರಿ. ನೋಡುವ ಪೆಥಾಲಜಿಸ್ಟರಿಗೆ ಯಾವ ಯಂತ್ರದ ಪ್ರಾಣಿ ಎಂಬುದು ತಿಳಿಯಬಾರದು. ದೀರ್ಘ ಓಟದ ಅಂಗಾಂಶವನ್ನು ಹೋಲಿಸಲು ಅಷ್ಟೇ ಹೊತ್ತು ಹಳೆಯ ವೆಂಟಿಲೇಟರಿನಲ್ಲಿದ್ದ ಪ್ರಾಣಿಗಳೂ ಬೇಕು. ಇದನ್ನು ಅರ್ಜಿ ಹಾಕುವಾಗಲೇ ಯೋಚಿಸಿರಬೇಕು. ಅಂಗಾಂಶದ ಹೋಲಿಕೆ ಇಲ್ಲದಿದ್ದರೆ ಪ್ರಾಣಿ ಕೊಟ್ಟದ್ದರಲ್ಲಿ ಅರ್ಧ ವ್ಯರ್ಥ.

ದಾಖಲೆಯನ್ನು ಸರಾಸರಿಯಲ್ಲಿ ಮುಗಿಸಬೇಡಿ. ದಿನದ 28,800 ಉಸಿರಿನಲ್ಲಿ ಕೇಳಿದ್ದಕ್ಕಿಂತ 10 ಶೇಕಡಾ ಆಚೀಚೆ ಹೋದವೆಷ್ಟು, ಎಲ್ಲಕ್ಕಿಂತ ದೊಡ್ಡದು ಎಷ್ಟು, ಸತತವಾಗಿ ತಪ್ಪಿದವೆಷ್ಟು ಎಂದು ಪಟ್ಟಿ ಮಾಡಿ. ಎರಡು ಯಂತ್ರಗಳ ಅಳತೆ ಹೋಲಿಸಲು ಬ್ಲಾಂಡ್-ಆಲ್ಟ್‌ಮನ್ ಚಿತ್ರ (ಎರಡು ಅಳತೆಗಳ ಅಂತರವನ್ನು ಅವುಗಳ ಸರಾಸರಿಗೆ ಎದುರಾಗಿ ಗುರುತಿಸುವ ನಕ್ಷೆ) ಬಳಸಿ. ವರದಿಯನ್ನು ಪ್ರಾಣಿ ಪ್ರಯೋಗದ ವರದಿಗೆಂದೇ ಇರುವ 2020ರ ಅರೈವ್ 2.0 ಸೂಚನೆಗಳಂತೆ ಬರೆಯಿರಿ. ಪ್ರಯೋಗದ ನಡುವೆ ಸತ್ತ ಪ್ರಾಣಿಯೂ, ಬಿಟ್ಟುಕೊಟ್ಟ ಓಟವೂ ಅದರಲ್ಲಿರಲಿ. ಅವನ್ನು ಬಿಟ್ಟರೆ ಮುಂದಿನ ತಂಡ ಅದೇ ದೋಷ ಕಂಡುಕೊಳ್ಳಲು ಇನ್ನೊಂದು ಹಂದಿಯನ್ನು ಕೊಲ್ಲಬೇಕಾಗುತ್ತದೆ.

ಕಳೇಬರ ಮತ್ತು ಅಂಗಾಂಶ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಹಳದಿ ಚೀಲಕ್ಕೆ. ಬ್ಯಾಗ್, ವಾಲ್ವ್, ಕೊಳವೆ, ಫಿಲ್ಟರುಗಳು ತೊಳೆದು ಇಟ್ಟುಕೊಳ್ಳುವ ವಸ್ತುಗಳಲ್ಲ, ಅದೇ ದಿನ ವಿಲೇವಾರಿಯಾಗಬೇಕು. ಯಂತ್ರದ ಮೈಮೇಲೆ ಅಳಿಸಲಾಗದಂತೆ ‘ಪ್ರಾಣಿ ಪರೀಕ್ಷೆಗೆ ಬಳಸಿದ್ದು’ ಎಂದು ಕೊರೆದು, ಬೀಗವಿರುವ ಕಪಾಟಿನಲ್ಲಿಡಿ. ಆಸ್ಪತ್ರೆಯಲ್ಲಿ ಎಷ್ಟೇ ಕೊರತೆಯಿದ್ದರೂ ಆ ಯಂತ್ರ ಮನುಷ್ಯರ ಹಾಸಿಗೆಯ ಪಕ್ಕಕ್ಕೆ ಹೋಗಬಾರದು.